ಟ್ರ್ಯಾಕ್ಟರಿನ ಪೆನ್‌ಡ್ರೈವು, ಅಟ್ಟದ ಲ್ಯಾಪ್‌ಟಾಪು

ಅಟ್ಟದಿಂದ ಆ ಲ್ಯಾಪ್‌ಟಾಪನ್ನು ಕೆಳಗಿಳಿಸಬೇಕಾಗಿ ಬಂದದ್ದು ಅಕ್ಕನ ಕಣ್ಣಿನ ದೆಸೆಯಿಂದ. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಕಿಬ್ಬನಹಳ್ಳಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಊರಿನಲ್ಲಿ, ತೋಟಕ್ಕೆ ಅಂಟಿಕೊಂಡ ಮನೆಯಲ್ಲಿ, ಒಂದೇ ಒಲೆಯ ಮುಂದೆ ನಾವಿಬ್ಬರೂ ಎಷ್ಟೋ ವರ್ಷ ಕಳೆದಿದ್ದೇವೆ. ಅವಳು ಪಿಯುಸಿ ಪಾಸಾದ ವರ್ಷವೇ ಮದುವೆಯಾಗಿ ಬಂದವಳು. ಮಗಳ ಮದುವೆ ಮಾಡಿ ಕಳಿಸಿದ ಮೇಲೆ, ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ವಯಸ್ಸಿನಲ್ಲಿ, ದೂರಶಿಕ್ಷಣದಲ್ಲಿ ಬಿ.ಎ.ಗೆ ಕಟ್ಟಿದಳು. ಯಾಕೆ ಎಂದು ಕೇಳಿದವರಿಗೆಲ್ಲ ಅವಳದ್ದು ಒಂದೇ ಉತ್ತರ: "ಓದ್ಬೇಕು ಅನ್ನುಸ್ತು ಕಣ್ರೀ. ಅದ್ಕೂ ಕಾರಣ ಬೇಕಾ?"

ಪಾಠಗಳೆಲ್ಲ ಫೋನಿಗೆ ಬರುತ್ತಿದ್ದವು. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಪಾಠ ಮಾಡುವ ವಿಡಿಯೊಗಳು, ಸಣ್ಣ ಅಕ್ಷರದ ಪುಟಗಳು. ಅಕ್ಕನ ಫೋನಿನ ಗಾಜು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿತ್ತು. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಒಂದು ಸುಲಿದ ಕಾಯಿಗೆ ಫೋನನ್ನು ಒರಗಿಸಿಟ್ಟು, ಬಗ್ಗಿ ಬಗ್ಗಿ ನೋಡಿ ಬರೆದುಕೊಳ್ಳುತ್ತಿದ್ದಳು. ಬೋರ್ಡಿನ ಅಕ್ಷರ ಎಳ್ಳು ಕಾಳಿನಷ್ಟಿರುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದಳು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟು, ಫೋನು ನೋಡುವುದನ್ನು ಕಡಿಮೆ ಮಾಡಿ ಎಂದಿದ್ದರು. ಒಂದು ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಈ ವರ್ಷ ಪರೀಕ್ಷೆ ಬುಟ್‌ಬುಡಾನ ಅಂತಿದ್ದೀನಿ ಕಣೇ. ಕಣ್ಣು ತಡೀತಿಲ್ಲ."

ಅವಳು ಅಷ್ಟು ಸಲೀಸಾಗಿ ಸೋಲುವ ಹೆಂಗಸಲ್ಲ. ಬಾವಿಗೆ ಬಿದ್ದ ಕರುವನ್ನು ಹಗ್ಗ ಹಾಕಿ ಹಿಡಿದು, ಗಂಡಸರು ಬರುವವರೆಗೂ ತಲೆ ಮುಳುಗದ ಹಾಗೆ ನೋಡಿಕೊಂಡವಳು. ಅಂಥವಳ ಬಾಯಲ್ಲಿ ಈ ಮಾತು! ಆಗಲೇ ನನಗೆ ಲ್ಯಾಪ್‌ಟಾಪಿನ ನೆನಪಾದದ್ದು.

ಅದು ನನ್ನದು. ತುರುವೇಕೆರೆಯಲ್ಲಿ ಡಿಗ್ರಿ ಓದುವಾಗ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ನನ್ನ ಹುಚ್ಚು ನೋಡಿ ಅಪ್ಪ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ತಂದಿದ್ದರು. ಆ ಕಾಲಕ್ಕೇ ಅದು ಹಳೆಯದು. ಇಟ್ಟಿಗೆಯ ತೂಕ, ಅಂಗೈ ದಪ್ಪ. ಮದುವೆಯಾಗಿ ಬಂದಾಗ ಪಾತ್ರೆಗಳ ಜೊತೆ ಅದೂ ಬಂತು. ಮೊದಮೊದಲು ಊರವರ ಅರ್ಜಿ, ಮದುವೆ ಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಆಮೇಲೆ ನನ್ನ ಮಗಳು ನಡೆಯುವುದನ್ನು ಕಲಿತಳು. ಸಿಡಿ ಹಾಕುವ ತಟ್ಟೆ ಗುಂಡಿ ಒತ್ತಿದರೆ ನಾಲಿಗೆ ಚಾಚಿದಂತೆ ಹೊರಗೆ ಬರುವುದನ್ನು ಅವಳು ನೋಡಿಕೊಂಡಿದ್ದಳು. ಅದಕ್ಕೂ ಹಸಿವಾಗಿದೆ ಅಂದುಕೊಂಡಳೋ ಏನೋ, ತನ್ನ ಕೈಲಿದ್ದ ಕೊಬ್ಬರಿ ಚೂರನ್ನು ಅದರೊಳಗಿಟ್ಟು ಮುಚ್ಚಿಬಿಟ್ಟಳು. ತಟ್ಟೆ ಸಿಕ್ಕಿಹಾಕಿಕೊಂಡಿತು. ನನ್ನ ಗಂಡ ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಕೊಬ್ಬರಿ ಬಂತು, ಜೊತೆಗೆ ತಟ್ಟೆಯ ಹಲ್ಲುಗಳೂ ಬಂದವು. ಅದಾದ ಒಂದೆರಡು ವರ್ಷಕ್ಕೆ ಒಳಗಿನ ಸಾಫ್ಟ್‌ವೇರೂ ಕೆಟ್ಟು, ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂದು ನಿಂತುಬಿಡುತ್ತಿತ್ತು. ಹೊಸದಾಗಿ ಹಾಕಬೇಕಾದರೆ ಸಿಡಿ ಬೇಕು, ಸಿಡಿ ಹಾಕಲು ತಟ್ಟೆ ಇಲ್ಲ. ಅಲ್ಲಿಗೆ ಅದು ಅಟ್ಟ ಸೇರಿತು. ಆ ಮಗಳು ಈಗ ತಿಪಟೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ, ಅಷ್ಟು ಕಾಲವಾಯಿತು.

ಅಟ್ಟದಿಂದ ಇಳಿಸಿದಾಗ ಚೀಲದ ತುಂಬ ಇಲಿ ಕಚ್ಚಿದ ತೆಂಗಿನ ನಾರು. ನಾನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಾಳಿಕಿಂಡಿಯ ಧೂಳು ಕೆದರಿದೆ, ಅಕ್ಕ ಊದುಕೊಳವೆಯಿಂದ ಊದಿದಳು. ವೈರು ಸಿಕ್ಕಿಸಿ ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗೆ ಫ್ಯಾನು ಗುಂಯ್ ಅಂದಿತು, ಹಸಿರು ದೀಪ ಹತ್ತಿತು, ಪರದೆ ಬೆಳಗಿತು. ಅದೇ ಎರಡು ಸಾಲು ಇಂಗ್ಲಿಷ್.

"ಜೀವ ಐತೆ ಕಣೇ ಇದ್ಕೆ!" ಎಂದು ಅಕ್ಕ ಊದುಕೊಳವೆ ಹಿಡಿದೇ ಕೂಗಿದಳು.

ಮಾರನೆಯ ದಿನವೇ ಅದನ್ನು ಹೊತ್ತು ತಿಪಟೂರಿನ ಬಸ್ಸು ಹತ್ತಿದೆವು. ರಿಪೇರಿ ಅಂಗಡಿಯವನು ಅದನ್ನು ತಿರುಗಿಸಿ, ತಟ್ಟೆ ಇದ್ದ ಜಾಗಕ್ಕೆ ಬೆರಳು ಹಾಕಿ ನೋಡಿ ನಕ್ಕ. ಈ ಮಾಡೆಲ್ಲಿನ ತಟ್ಟೆ ಈಗ ಎಲ್ಲೂ ಸಿಗಲ್ಲ, ಬ್ಯಾಟರಿ ಸತ್ತಿದೆ, ಕರೆಂಟು ಕಿತ್ತರೆ ಒಂದು ನಿಮಿಷ ನಿಲ್ಲಲ್ಲ ಎಂದ. "ಅಕ್ಕಾ, ಸುಮ್ನೆ ತೂಕಕ್ಕೆ ಹಾಕ್ಬುಡಿ."

"ತೂಕಕ್ಕೆ ಹಾಕಾಕೆ ಇದೇನು ತೆಂಗಿನ ಚಿಪ್ಪೇನಪ್ಪ?" ಎಂದು ಅಕ್ಕ ಅದನ್ನು ಅವನ ಕೈಯಿಂದ ಇಸಿದುಕೊಂಡಳು. ಬಸ್ ಸ್ಟ್ಯಾಂಡಿನವರೆಗೂ ಮಗುವನ್ನು ಹೊತ್ತ ಹಾಗೆ ಎದೆಗವಚಿಕೊಂಡು ನಡೆದಳು. ಅವಳ ಮುಖ ನೋಡಿದರೆ ಕೋಪ. ಆದರೆ ನನಗೆ ಖುಷಿಯಾಯಿತು. ಪರೀಕ್ಷೆ ಬಿಡುತ್ತೇನೆ ಎಂದವಳ ಮುಖ ಅದಾಗಿರಲಿಲ್ಲ.

ಅದಾದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಕಾಯಿ ತುರಿಯುವಾಗ, ಸೊಪ್ಪು ಸೋಸುವಾಗ, ನನ್ನ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಹುಡುಕುತ್ತಿದ್ದೆ. ಇಂಗ್ಲಿಷ್ ವಿಡಿಯೊಗಳು ರಾಶಿ ಇದ್ದವು, ಅವುಗಳ ವೇಗಕ್ಕೆ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಕೊನೆಗೆ ಒಬ್ಬ ಹುಡುಗ ಕನ್ನಡದಲ್ಲಿ ವಿವರಿಸುವುದು ಸಿಕ್ಕಿತು. ಸಿಡಿಯೇ ಬೇಡ, ಪೆನ್‌ಡ್ರೈವಿನಿಂದಲೂ ಹೊಸ ವ್ಯವಸ್ಥೆ ಹಾಕಬಹುದು. ಹಳೆಯ ಲ್ಯಾಪ್‌ಟಾಪುಗಳಿಗೆಂದೇ ಲಿನಕ್ಸ್ ಎಂಬ ಹಗುರವಾದ ವ್ಯವಸ್ಥೆ ಬಿಟ್ಟಿಯಾಗಿ ಸಿಗುತ್ತದೆ. ಅದರಲ್ಲಿ ಕನ್ನಡವೂ ಇದೆ. ನಾನು ಈಳಿಗೆ ಮಣೆಯ ಮೇಲಿಂದ ಎದ್ದುಬಿಟ್ಟೆ. ಪೆನ್‌ಡ್ರೈವು! ಅಂಗೈಯಲ್ಲಿ ಮುಚ್ಚಿದರೆ ಕಾಣದಷ್ಟು ಚಿಕ್ಕದು. ಅದು ನಮ್ಮ ಮನೆಯಲ್ಲೇ ಇತ್ತು.

ಇದ್ದದ್ದು ಭಾವನ ಟ್ರ್ಯಾಕ್ಟರಿನಲ್ಲಿ.

ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಹಾಡಿಲ್ಲದೆ ಉಳುಮೆ ಇಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಎರಡು ಸ್ಪೀಕರು ಕಟ್ಟಿಸಿಕೊಂಡಿದ್ದರು. ಬೆಳಿಗ್ಗೆ ಭಕ್ತಿಗೀತೆ, ಬಿಸಿಲೇರಿದ ಮೇಲೆ ಹಳೆಯ ಸಿನಿಮಾ ಹಾಡು. ಯಾವ ತೋಟದಲ್ಲಿ ಉಳುತ್ತಿದ್ದಾರೆ ಎಂದು ನಾವು ಹಾಡು ಕೇಳಿಯೇ ಗುರುತು ಹಿಡಿಯುತ್ತಿದ್ದೆವು. ಹೆಂಡತಿಯ ಓದಿನ ಬಗ್ಗೆ ಅವರು ಬೇಕು ಎಂದೂ ಅಂದವರಲ್ಲ, ಬೇಡ ಎಂದೂ ಅಂದವರಲ್ಲ. ಪಾಠದ ವಿಡಿಯೊ ಶುರುವಾದರೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೊರಡುತ್ತಿದ್ದರು. ನಮ್ಮ ಮನೆಯಲ್ಲಿ ಕಿರಿಸೊಸೆ ಭಾವನ ಜೊತೆ ನೇರ ಮಾತಾಡುವ ರೂಢಿ ಕಡಿಮೆ. ಏನಿದ್ದರೂ ಅತ್ತೆಯ ಮೂಲಕವೋ ಅಕ್ಕನ ಮೂಲಕವೋ ಹೋಗಬೇಕು. ಆದರೆ ಆ ದಿನ ಅವರು ಊಟಕ್ಕೆ ಬಂದು ಕೈ ತೊಳೆಯುತ್ತಿರುವಾಗಲೇ ಬಾಯಿ ಬಿಟ್ಟೆ.

"ಭಾವ, ನಿಮ್ ಟ್ರ್ಯಾಕ್ಟ್ರು ಪೆನ್‌ಡ್ರೈವ್ ಒಂದೆರಡು ದಿನಕ್ಕೆ ಬೇಕಾಗಿತ್ತು."

"ಹಾಡು ಕೇಳಾಕಾ?"

"ಅಲ್ಲ. ಅದ್ರಲ್ಲಿ ಇರಾದೆಲ್ಲ ಅಳಿಸ್ಬೇಕು."

ಅವರು ಚೊಂಬು ಹಿಡಿದ ಹಾಗೇ ನಿಂತರು. ಅತ್ತೆ ಒಳಗಿಂದ ಇಣುಕಿದರು. ಅಕ್ಕ ಸಾರಿನ ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಗಡಿಬಿಡಿಯಲ್ಲಿ ಎಲ್ಲವನ್ನೂ ಹೇಳಿದೆ: ಅಕ್ಕನ ಕಣ್ಣು, ಅಟ್ಟದ ಲ್ಯಾಪ್‌ಟಾಪು, ತಿಪಟೂರಿನವನ ನಗು, ಕನ್ನಡದ ವಿಡಿಯೊ. ಹಾಡನ್ನೆಲ್ಲ ಕಿಬ್ಬನಹಳ್ಳಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಎತ್ತಿಟ್ಟು, ಕೆಲಸವಾದ ಮೇಲೆ ಮತ್ತೆ ತುಂಬಿಸಿಕೊಡುತ್ತೇನೆ ಎಂದೆ.

"ಒಂದೂ ಕಳೀಬಾರ್ದು ಕಣವ್ವ," ಎಂದರು ಭಾವ. ಆಮೇಲೆ ಅಕ್ಕನ ಕಡೆ ತಿರುಗಿ, "ಕಣ್ಣು ಅಷ್ಟೊಂದು ನೋಯ್ತದಾ ನಿಂಗೆ? ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಹೇಳಿದ್ರೆ ಓದ್ಬ್ಯಾಡ ಬುಡು ಅಂತಿದ್ರಿ," ಎಂದಳು ಅಕ್ಕ.

ಭಾವ ಊಟಕ್ಕೆ ಕೂರದೆ ಹೊರಗೆ ಹೋಗಿ, ಪೆನ್‌ಡ್ರೈವ್ ಕಿತ್ತು, ಟವೆಲ್ಲಿನ ತುದಿಯಲ್ಲಿ ಗ್ರೀಸು ಒರೆಸಿ ತಂದು ನನ್ನ ಕೈಯಲ್ಲಿಟ್ಟರು. ಆ ಮಧ್ಯಾಹ್ನ ಅವರು ಉತ್ತದ್ದು ಬರೀ ಇಂಜಿನ್ ಸದ್ದಿನಲ್ಲಿ. ಏನು, ಟ್ರ್ಯಾಕ್ಟ್ರು ಕೆಟ್ಟಿದೆಯಾ ಎಂದು ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ಕೇಳಿಹೋದರಂತೆ.

ಕಿಬ್ಬನಹಳ್ಳಿಯ ರಸ್ತೆ ಕೂಡುವ ಕಡೆ, ಬಸ್ಸು ನಿಲ್ಲುವ ಜಾಗದ ಎದುರಿಗೆ ಆ ಜೆರಾಕ್ಸ್ ಅಂಗಡಿ. ನಡೆಸುವವಳು ನಮಗಿಂತ ಚಿಕ್ಕವಳು, ಅಕ್ಕನ ಪರೀಕ್ಷೆಯ ಅರ್ಜಿ ತುಂಬಿಕೊಟ್ಟವಳೂ ಅವಳೇ. ನಾವು ಹೇಳಿದ್ದನ್ನು ಕೇಳಿ, "ಅಯ್ಯೋ, ನಾನೂ ಯಾವತ್ತೂ ಮಾಡಿಲ್ಲ ಕಣಕ್ಕಾ. ಬನ್ನಿ, ನೋಡಾನ!" ಎಂದು ಕುರ್ಚಿ ಎಳೆದು ಹಾಕಿದಳು. ಭಾವನ ಹಾಡುಗಳನ್ನು ಮೊದಲು ಅವಳ ಕಂಪ್ಯೂಟರಿಗೆ ಎತ್ತಿಕೊಂಡೆವು. ಆಮೇಲೆ ಲಿನಕ್ಸನ್ನು ಇಳಿಸಲು ಬಿಟ್ಟೆವು. ಪರದೆಯ ಮೇಲೆ ಒಂದು ನೀಲಿ ಪಟ್ಟಿ. ಅದು ಇರುವೆಯ ಹಾಗೆ ತೆವಳುತ್ತಿತ್ತು. ಅರಸೀಕೆರೆ ಕಡೆಯ ಬಸ್ಸು ಬಂತು, ಹೋಯಿತು. ಹುಳಿಯಾರಿನ ಬಸ್ಸು ಬಂತು, ಹೋಯಿತು. ಎಳನೀರಿನ ಲಾರಿಯೊಂದು ನಿಂತು ಹೊರಟಿತು. ಯಾರಾದರೂ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದರೆ ಅವಳು ಎದ್ದು ಹೋಗುವಳು, ನಾನು ಪಟ್ಟಿ ಕಾಯುವೆ. ಅಕ್ಕ ಮೂಲೆಯಲ್ಲಿ ಕೂತು ಇತಿಹಾಸದ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಜೆರಾಕ್ಸಿಗೆ ಬಂದವರೆಲ್ಲ ಹೊಯ್ಸಳರ ಬಗ್ಗೆ ಒಂದಿಷ್ಟು ಕೇಳಿಸಿಕೊಂಡೇ ಹೋದರು.

ಪಟ್ಟಿ ತುಂಬಿದಾಗ ನಾವು ಮೂವರೂ ಒಟ್ಟಿಗೆ ಎದ್ದು ನಿಂತೆವು. ಬರೀ ನಕಲು ಮಾಡಿದರೆ ಸಾಲದು, ಲ್ಯಾಪ್‌ಟಾಪು ಅದರಿಂದಲೇ ಶುರುವಾಗುವ ಹಾಗೆ ಪೆನ್‌ಡ್ರೈವಿನ ಮೇಲೆ ಬೇರೆ ರೀತಿಯಲ್ಲಿ ಬರೆಯಬೇಕು ಎಂದು ವಿಡಿಯೊದ ಹುಡುಗ ಹೇಳಿದ್ದ. ಅದನ್ನೂ ಮಾಡಿದೆವು. "ಎಲ್ಲಾ ಅಳಿಸಿಹೋಗುತ್ತದೆ" ಎಂಬ ಎಚ್ಚರಿಕೆ ಬಂದಾಗ ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ, "ಒತ್ತೇ!" ಎಂದಳು. ಒತ್ತಿದೆ.

ಮನೆಗೆ ಬಂದು, ಕೈಕಾಲು ತೊಳೆಯುವಷ್ಟೂ ತಾಳ್ಮೆಯಿಲ್ಲದೆ, ನಡುಮನೆಯ ಮಣೆಯ ಮೇಲೆ ಲ್ಯಾಪ್‌ಟಾಪಿಟ್ಟು ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದೆ. ಒಳಗೆ ಆ ಮುರಿದ ತಟ್ಟೆಯ ಗೂಡಿನಿಂದ ಕರ್ರ್, ಕರ್ರ್ ಎಂಬ ಸದ್ದು. ಪಾಪ, ಅದು ಇನ್ನೂ ಇಲ್ಲದ ಸಿಡಿಯನ್ನೇ ಹುಡುಕುತ್ತಿತ್ತು. ಹುಡುಕಿ ಹುಡುಕಿ ಸೋತು, ಅದೇ ಎರಡು ಸಾಲು ಇಂಗ್ಲಿಷ್ ತೋರಿಸಿ ನಿಂತಿತು. ಪೆನ್‌ಡ್ರೈವಿನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲು ಪೆನ್‌ಡ್ರೈವನ್ನು ನೋಡು ಎಂದು ಅದಕ್ಕೆ ಹೇಳಿಕೊಡಬೇಕಿತ್ತು. ಹಾಗೆ ಹೇಳಿಕೊಡಲು, ಆನ್ ಆದ ಕೂಡಲೇ, ಕಣ್ಣರೆಪ್ಪೆ ಬಡಿಯುವುದರೊಳಗೆ ಮೇಲಿನ ಸಾಲಿನ ಒಂದು ಗುಂಡಿ ಒತ್ತಬೇಕು. ನಾನು ಒತ್ತುವಷ್ಟರಲ್ಲಿ ಸಮಯ ಮೀರಿರುತ್ತಿತ್ತು. ಆಫ್, ಆನ್, ಕರ್ರ್. ಆಫ್, ಆನ್, ಕರ್ರ್. ಯಾವ ಗುಂಡಿ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

"ಸರ್ಕೋ ಅತ್ಲಾಗೆ," ಎಂದು ಅಕ್ಕ ಮುಂದೆ ಬಂದು ಕೂತಳು. "ನೀನು ಆನ್ ಮಾಡು. ಈ ಸಾಲ್ನೆಲ್ಲ ನಾನು ನೋಡ್ಕಂತೀನಿ." ನಾನು ಆನ್ ಮಾಡಿದ್ದೇ ತಡ, ಅವಳು ಅವಲಕ್ಕಿ ಕುಟ್ಟುವ ಹಾಗೆ ಆ ಕಡೆಯಿಂದ ಈ ಕಡೆಗೆ ಪಟಪಟನೆ ಕುಟ್ಟಿಕೊಂಡು ಹೋದಳು. ಪರದೆ ಒಮ್ಮೆಗೇ ನೀಲಿಯಾಯಿತು. ಯಾವುದನ್ನು ಮೊದಲು ನೋಡಬೇಕು ಎಂಬ ಬಿಳಿ ಅಕ್ಷರದ ಪಟ್ಟಿ. ತುರುವೇಕೆರೆಯ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಇದನ್ನು ಒಮ್ಮೆ ತೋರಿಸಿ, ಯಾರೂ ಮುಟ್ಟಬೇಡಿ ಎಂದು ಕೂಡಲೇ ಮುಚ್ಚಿದ್ದು ಜ್ಞಾಪಕಕ್ಕೆ ಬಂತು. ಈಗ ಬೇಡ ಅನ್ನುವವರು ಯಾರೂ ಇರಲಿಲ್ಲ. ಸಿಡಿಯನ್ನು ಕೆಳಕ್ಕಿಳಿಸಿ ಪೆನ್‌ಡ್ರೈವನ್ನು ಮೇಲಕ್ಕೇರಿಸಿದೆ, ಉಳಿಸಿದೆ. ಲ್ಯಾಪ್‌ಟಾಪ್ ತಾನಾಗಿ ಆಫಾಗಿ ಆನ್ ಆಯಿತು. ಕರ್ರ್ ಸದ್ದಿಲ್ಲ! ಪೆನ್‌ಡ್ರೈವಿನ ತುದಿಯ ಕೆಂಪು ದೀಪ ಮಿಣಮಿಣ ಅಂದಿತು. ನಾವಿಬ್ಬರೂ ಕೈ ಕೈ ಹಿಡಿದುಕೊಂಡಿದ್ದೆವು.

ಆಮೇಲೆ ಪರದೆಯ ಮೇಲೆ ಬಂದದ್ದು ಒಂದೇ ಒಂದು ಸಾಲು. ಓದಿದೆ, ಮತ್ತೆ ಓದಿದೆ. ನಾವು ತಂದದ್ದು ಹೊಸ ತರಹದ ಯಂತ್ರಗಳಿಗೆ, ಇದು ಹಳೆಯ ತರಹದ್ದು, ಇದರ ಮೇಲೆ ಅದು ನಡೆಯುವುದಿಲ್ಲ ಎಂಬುದು ಅದರ ಸಾರ. ಅರವತ್ತನಾಲ್ಕು ಬಿಟ್, ಮೂವತ್ತೆರಡು ಬಿಟ್ ಎಂದು ಆ ಹುಡುಗ ವಿಡಿಯೊದಲ್ಲಿ ಹೇಳಿದ್ದ. ನಾನು ಗಮನ ಕೊಟ್ಟಿರಲಿಲ್ಲ. ನನಗೆ ಅಳುವೇ ಬಂತು. ಸಂಜೆ ಭಾವ ಬಂದಾಗ ಅಕ್ಕ ವಿಷಯ ಹೇಳಿದಳು. ಅವರಿಗೆ ಒಂದೇ ಏಟಿಗೆ ಅರ್ಥವಾಯಿತು.

"ಅಂದ್ರೆ ದೊಡ್ಡ ಟ್ರ್ಯಾಕ್ಟ್ರಿನ ನೇಗ್ಲು ತಂದು ಟಿಲ್ಲರ್‌ಗೆ ಕಟ್ಟಿದ್ರಿ. ಎಳೀತದಾ ಅದು? ಟಿಲ್ಲರ್‌ದು ತಂದ್ರೆ ಆಯ್ತು. ಅದ್ಕೆ ಯಾಕವ್ವ ಮೋರೆ ಸಣ್ಣ ಮಾಡ್ಕಂತೀಯ?" ಎಂದರು. ಮರುದಿನ ಕಿಬ್ಬನಹಳ್ಳಿಗೆ ಅವರೇ ನಮ್ಮಿಬ್ಬರನ್ನೂ ಟ್ರ್ಯಾಕ್ಟರಿನಲ್ಲಿ ಕರೆದುಕೊಂಡು ಹೋದರು. ಜೆರಾಕ್ಸ್ ಅಂಗಡಿಯವಳು ಈ ಸಲ ನಮ್ಮ ಜೊತೆ ಕೂತು ಪ್ರತಿಯೊಂದು ಅಕ್ಷರವನ್ನೂ ನೋಡಿ, ಹಳೆಯ ಯಂತ್ರದ್ದನ್ನೇ ಇಳಿಸಿದಳು. ಭಾವ ಹೊರಗೆ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾ, ಸ್ವಲ್ಪ ಹೊತ್ತಿಗೊಮ್ಮೆ ಒಳಗೆ ಇಣುಕಿ, "ಎಷ್ಟಾಯ್ತು?" ಎಂದು ಕೇಳುತ್ತಿದ್ದರು.

ಮನೆಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಮಣೆ, ಲ್ಯಾಪ್‌ಟಾಪು, ಪೆನ್‌ಡ್ರೈವು. ಆನ್ ಮಾಡಿದೆ. ಕೆಂಪು ದೀಪ ಮಿಣುಕಿತು. ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ಉದ್ದದೊಂದು ಪಟ್ಟಿ ತೆರೆದುಕೊಂಡಿತು: ಯಾವ ಭಾಷೆ ಬೇಕು? ಎಷ್ಟೊಂದು ಭಾಷೆಗಳು, ಎಷ್ಟೊಂದು ಲಿಪಿಗಳು, ನಮಗೆ ಗೊತ್ತಿಲ್ಲದವೇ ಎಲ್ಲ. ನಾನು ಬಾಣದ ಗುಂಡಿ ಒತ್ತಿ ಕೆಳಗಿಳಿಯುತ್ತಾ ಹೋದೆ. ಹಿಂದಿನಿಂದ ಅತ್ತೆ ಕೂಗಿದರು.

"ನಿಲ್ಸು! ಕನ್ನಡ ಐತೆ ಅಲ್ಲಿ!"

ಅತ್ತೆ ಯಾವಾಗ ಬಂದು ನಿಂತಿದ್ದರೋ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ದಿನವೂ ಬಾಯಿಬಿಟ್ಟು ಓದುವ ಹೆಂಗಸು ಅವರು. ಕಂಪ್ಯೂಟರೆಂದರೆ ಅದು ಇಂಗ್ಲಿಷಿನವರದು ಎಂದು ಹತ್ತಿರವೂ ಸುಳಿದವರಲ್ಲ. ಆರಿಸಿ ಒತ್ತಿದೆ. ಇಡೀ ಪರದೆ ಕನ್ನಡವಾಯಿತು.

ಅಲ್ಲಿಂದ ನನ್ನ ಕೈಯಿಂದ ಕೆಲಸ ಜಾರಿಹೋಯಿತು ಎನ್ನಬೇಕು. ಅತ್ತೆ ಹಿಂದೆ ನಿಂತು ಪೇಪರಿನ ದನಿಯಲ್ಲೇ ಒಂದೊಂದು ಸಾಲನ್ನೂ ಓದುವುದು, ಅಕ್ಕ ಯೋಚಿಸಿ ಉತ್ತರ ಆರಿಸುವುದು. ಯಾವ ದೇಶ? ಭಾರತ. ಕಂಪ್ಯೂಟರಿಗೆ ಒಂದು ಹೆಸರು ಕೊಡಿ. ಹೆಸರು! ಅದರ ಮೇಲೆ ಒಂದು ದೊಡ್ಡ ಚರ್ಚೆಯೇ ಆಯಿತು. ಅತ್ತೆ ಮನೆದೇವರ ಹೆಸರಿಡಬೇಕು ಎಂದರು, ಅಕ್ಕ ತನ್ನ ಹಸುವಿನ ಹೆಸರು ಎಂದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗಿ ಬಂದು, ಕಾಗುಣಿತಕ್ಕೆ ಹಗುರವಾದದ್ದು ಹಸುವಿನದೇ ಆದ್ದರಿಂದ ಅದೇ ಗೆದ್ದಿತು. ಗುಪ್ತಪದ ಬರೆಯುವಾಗ ಅಕ್ಕ ನಮ್ಮಿಬ್ಬರನ್ನೂ ಆ ಕಡೆ ತಿರುಗಿಸಿ ನಿಲ್ಲಿಸಿದಳು. ಇದರಲ್ಲಿ ಮೊದಲಿದ್ದದ್ದೆಲ್ಲ ಅಳಿಸುತ್ತದೆ ಎಂದು ಬಂದಾಗ ಅತ್ತೆ ಓದು ನಿಲ್ಲಿಸಿ ನನ್ನ ಮುಖ ನೋಡಿದರು.

"ಏನಿತ್ತವ್ವ ಇದ್ರಾಗೆ?"

"ನನ್ನ ಟೈಪಿಂಗ್ ಅಭ್ಯಾಸ ಅತ್ತೆ. ಯಾರ್ ಯಾರ್ದೋ ಮದ್ವೆ ಪತ್ರಿಕೆ."

"ಆ ಮದ್ವೆಗಳೆಲ್ಲ ಆಗೋದ್ವಲ್ಲ, ಅಳ್ಸು."

ಪಟ್ಟಿ ತೆವಳತೊಡಗಿತು. ಈ ಸಲ ನಮ್ಮ ಮನೆಯೊಳಗೇ, ನಮ್ಮ ಕಣ್ಣ ಮುಂದೆಯೇ. ಅರ್ಧ ದಾಟಿತು. ಅತ್ತೆ ಸಂಭ್ರಮ ತಡೆಯಲಾರದೆ, ಇವತ್ತು ಕಾಯಿಹೋಳಿಗೆಯನ್ನೇ ಮಾಡೋಣ ಎಂದು ಅಡುಗೆಮನೆಗೆ ಹೋದರು. ಹೋದವರು ಕಾಯಿ ರುಬ್ಬಲು ಮಿಕ್ಸಿ ಹಾಕಿದರು. ನಮ್ಮ ಮನೆಯ ವೈರಿಂಗು ಮಾವನವರ ಕಾಲದ್ದು. ಆಗ ಹಿತ್ತಲಲ್ಲಿ ನೀರಿನ ಮೋಟಾರು ಬೇರೆ ಓಡುತ್ತಿತ್ತು. ಟಪ್ ಅಂದಿತು. ಫ್ಯಾನು ನಿಂತಿತು, ಮಿಕ್ಸಿ ನಿಂತಿತು, ಬ್ಯಾಟರಿ ಇಲ್ಲದ ನಮ್ಮ ಲ್ಯಾಪ್‌ಟಾಪು ಅರ್ಧದಲ್ಲೇ ಕಪ್ಪಾಯಿತು.

ಅತ್ತೆ ಮಿಕ್ಸಿಯ ಮುಚ್ಚಳ ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತರು. "ನಾನು ಕೆಡಿಸ್ದೆನಾ?" ಎಂದು ಕೇಳಿದ ಅವರ ದನಿ ಕೇಳಿ ಅಕ್ಕನಿಗೆ ಬಂದ ಕೋಪ ಅಲ್ಲೇ ಇಳಿದುಹೋಯಿತು. ಅವಳು ನಗಲು ಶುರುಮಾಡಿದಳು. ನಾನೂ ನಕ್ಕೆ. "ಏನೂ ಕೆಟ್ಟಿಲ್ಲ ಅತ್ತೆ, ಮೊದ್ಲಿಂದ ಮಾಡಾನ. ಈಗಂತೂ ಉತ್ರ ಎಲ್ಲಾ ಗೊತ್ತೈತಲ್ಲ," ಎಂದಳು ಅಕ್ಕ.

ಭಾವ ಫ್ಯೂಸಿಗೆ ಹೊಸ ತಂತಿ ಕಟ್ಟಿದರು. ಕಟ್ಟಿದ ಮೇಲೆ ಅಲ್ಲಿಂದ ಕದಲಲಿಲ್ಲ. ಫ್ಯೂಸಿನ ಹಲಗೆಯ ಕೆಳಗೇ ಒಂದು ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಕೈಯಿಟ್ಟು ಕೂತರು. ಹಿತ್ತಲಿನ ಮೋಟಾರು ಬಂದ್. ಮಿಕ್ಸಿ ಬಂದ್. ಯಾರೂ ಮುಟ್ಟದ ಹಾಗೆ ಇಸ್ತ್ರಿಪೆಟ್ಟಿಗೆಯ ಮೇಲೆ ಅವರ ಟವೆಲ್ಲು ಬಿತ್ತು. ಪಕ್ಕದ ಮನೆಯಾಕೆ ನಮ್ಮ ಮಿಕ್ಸಿಯಲ್ಲಿ ಖಾರದಪುಡಿ ಮಾಡಿಕೊಳ್ಳಲು ಬಂದಾಗ ಭಾವ ಕೂತಲ್ಲಿಂದಲೇ ಅಂಗೈ ಅಡ್ಡ ಹಿಡಿದರು.

"ಈಗಾಗಾಕಿಲ್ಲ ಕಣಮ್ಮ. ಒಳ್ಗೆ ಕೆಲ್ಸ ನಡೀತೈತೆ."

"ಅದೇನ್ ಕೆಲ್ಸ ಭಾವ? ಹೆರಿಗೆನಾ?" ಎಂದು ಆಕೆ ಹೆದರಿ ಕೇಳಿದಳು. ವಿಷಯ ತಿಳಿದ ಮೇಲೆ ಖಾರದಪುಡಿ ಮರೆತು ಅವಳೂ ಬಂದು ನಮ್ಮ ಹಿಂದೆ ಕೂತಳು.

ಪಟ್ಟಿ ಮುಂದೆ ಹೋಯಿತು. ಅರ್ಧ ದಾಟಿತು, ಹಿಂದೆ ನಿಂತ ಜಾಗವನ್ನೂ ದಾಟಿತು. ಒಂದು ಕಡೆ ಬಂದು ನಿಂತುಬಿಟ್ಟಿತು, ಅಲುಗಲೇ ಇಲ್ಲ. ಭಾವ ಫ್ಯೂಸನ್ನೇ ದಿಟ್ಟಿಸಿದರು, ಅತ್ತೆ ದೇವರನ್ನು ಕರೆದರು. ನಾನು ಪೆನ್‌ಡ್ರೈವಿನ ಕೆಂಪು ದೀಪ ನೋಡಿ, "ಮಿಣುಕ್ತೈತೆ, ಮಿಣುಕ್ತೈತೆ, ಸತ್ತಿಲ್ಲ," ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದೆ. ನನಗೇ ಧೈರ್ಯ ಇರಲಿಲ್ಲ. ಆಮೇಲೆ ಅದು ಒಮ್ಮೆಗೇ ನೆಗೆದು ಕೊನೆ ಮುಟ್ಟಿತು. ಅತ್ತೆ ಓದಿದರು: ಕೆಲಸ ಮುಗಿದಿದೆ, ಪೆನ್‌ಡ್ರೈವ್ ತೆಗೆದು ಮತ್ತೆ ಶುರು ಮಾಡಿ.

ಪೆನ್‌ಡ್ರೈವನ್ನು ಭಾವನೇ ಬಂದು ಕಿತ್ತರು. ಲ್ಯಾಪ್‌ಟಾಪು ಒಮ್ಮೆ ಸತ್ತು, ಮತ್ತೆ ಎದ್ದಿತು. ಈಗ ಅದಕ್ಕೆ ಯಾರ ಆಸರೆಯೂ ಇಲ್ಲ. ಒಂದು ಗೆರೆ, ಎರಡು ಗೆರೆ, ಆಮೇಲೆ ಪರದೆಯ ತುಂಬ ತಿಳಿನೀಲಿ. ಮೂಲೆಯಲ್ಲಿ ಗಂಟೆ ಎಷ್ಟು ಎಂಬುದು ಕೂಡ ಕನ್ನಡದಲ್ಲಿ. ಅಕ್ಕ ತನ್ನ ಗುಪ್ತಪದ ಬರೆದು ಒತ್ತಿದಳು, ಬಾಗಿಲು ತೆರೆದುಕೊಂಡಿತು. ನಾನು ಎದ್ದು ಕುಣಿದೇಬಿಟ್ಟೆ. ಭಾವನ ಎದುರಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು! ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮನೆಯಾಕೆ ಚಪ್ಪಾಳೆ ತಟ್ಟಿದಳು. ಅಕ್ಕ ಮಾತ್ರ ಕೂತಲ್ಲೇ ಕೂತಿದ್ದಳು. ಪರದೆಯ ಅಂಚನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು.

ನನ್ನ ಫೋನಿನಿಂದ ವೈರು ಎಳೆದು ಇಂಟರ್‌ನೆಟ್ ಕೊಟ್ಟೆ. ಅವಳ ಪಾಠದ ವಿಡಿಯೊ ಹಾಕಿದೆ. ಕಾಯಿಗೆ ಒರಗಿ ಬೆರಳುದ್ದ ಇರುತ್ತಿದ್ದ ಮೇಷ್ಟ್ರು ಈಗ ಮಣೆಯ ಮೇಲೆ ಮೊಳದುದ್ದ ಕಂಡರು. ಬೋರ್ಡಿನ ಮೇಲೆ ಅವರು ಬರೆದದ್ದೆಲ್ಲ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಸ್ವಲ್ಪ ಮಂದ, ಆಗಾಗ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಆದರೆ ಅಕ್ಕ ಬೆನ್ನು ನೆಟ್ಟಗೆ ಮಾಡಿ, ಗೋಡೆಗೊರಗಿ ಕೂತು ನೋಡಿದಳು. ಅಷ್ಟು ದಿನಗಳಲ್ಲಿ ಅವಳು ನೆಟ್ಟಗೆ ಕೂತು ಪಾಠ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಲ್ನೋಡೇ," ಎಂದಳು. "ಆ ಮೇಷ್ಟ್ರಿಗೆ ಮೀಸೆ ಐತೆ! ನಂಗೆ ಗೊತ್ತೇ ಇರ್ಲಿಲ್ಲ."

ಆ ದಿನದ ಪಾಠ ಕೆರೆಕಟ್ಟೆಗಳ ಬಗ್ಗೆ. ಹಿಂದಿನವರು ಕೆರೆಗಳನ್ನು ಹೇಗೆ ಕಟ್ಟಿಸಿದರು, ನೀರನ್ನು ಹೇಗೆ ಹಂಚಿಕೊಂಡರು ಎಂದು ಮೇಷ್ಟ್ರು ಹೇಳುತ್ತಾ ಹೋದರು. ಭಾವ ಟವೆಲ್ಲು ಹೆಗಲಿಗೆ ಹಾಕಿಕೊಂಡರು; ಎದ್ದು ಹೊರಡುತ್ತಾರೆ ಅಂದುಕೊಂಡೆ. ಅವರು ಸ್ಟೂಲನ್ನು ಎತ್ತಿ ತಂದು ಅಕ್ಕನ ಪಕ್ಕದಲ್ಲಿ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತಾದ ಮೇಲೆ, "ತೂಬಿನ ವಿಷ್ಯ ಹೇಳ್ಲೇ ಇಲ್ವಲ್ಲ ಇವ್ರು," ಎಂದು ತಕರಾರು ತೆಗೆದರು. ಅಕ್ಕ ಶ್ ಎಂದು ಅವರ ಬಾಯಿ ಮುಚ್ಚಿಸಿದಳು.

ಪರೀಕ್ಷೆಯವರೆಗೂ ಮಧ್ಯಾಹ್ನದ ಹೊತ್ತು ಆ ನಡುಮನೆ ಅವಳದೇ ಆಗಿತ್ತು. ನಾನು ಅವಳಿಗೆ ಕನ್ನಡ ಟೈಪಿಂಗ್ ಕಲಿಸಿದೆ. ಒತ್ತಕ್ಷರ ಬಂದಾಗ ಬೈದುಕೊಳ್ಳುತ್ತಿದ್ದಳು, ಆಮೇಲೆ ನನಗಿಂತ ವೇಗವಾಗಿ ಹೊಡೆಯತೊಡಗಿದಳು. ಮಿಕ್ಸಿಗೆ ಬೇರೆ ಲೈನು ಎಳೆಸಿದ್ದಾಯಿತು. ಭಾವನ ಹಾಡುಗಳೂ ಒಂದೂ ಕಳೆಯದೆ ಟ್ರ್ಯಾಕ್ಟರಿಗೆ ಮರಳಿದವು. ಪರೀಕ್ಷೆಗೆ ತಿಪಟೂರಿಗೆ ಹೋಗುವ ದಿನಗಳಲ್ಲಿ ಅವಳ ಪಾಲಿನ ಹಾಲು ಕರೆಯುವ ಕೆಲಸ ನನ್ನದು. ಅವಳ ಹಸು ನನಗೆ ಒಗ್ಗಲಿಲ್ಲ, ಎರಡು ಸಲ ಒದೆಯಿತು. ಇವತ್ತಿಗೂ ಮೊಣಕಾಲಿನಲ್ಲಿ ಗುರುತಿದೆ.

ಫಲಿತಾಂಶ ಬಂದ ದಿನ ಅಕ್ಕ ಯಾರನ್ನೂ ಲ್ಯಾಪ್‌ಟಾಪ್ ಮುಟ್ಟಲು ಬಿಡಲಿಲ್ಲ. ತಾನೇ ನಂಬರು ಹೊಡೆದು, ಕನ್ನಡಕ ಸರಿಮಾಡಿಕೊಂಡು, ತನ್ನಷ್ಟಕ್ಕೆ ಒಮ್ಮೆ ಓದಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿದಳು. ಇಂಗ್ಲಿಷ್ ಒಂದು ಉಳಿದಿತ್ತು. ಬಾಕಿಯೆಲ್ಲ ಪಾಸು, ಇತಿಹಾಸದಲ್ಲಿ ಫಸ್ಟ್ ಕ್ಲಾಸು. ಭಾವ ಕೇಳಿಸಿಕೊಂಡು, ಹೊರಗೆ ಹೋಗಿ ತೋಟದಲ್ಲಿದ್ದ ಆಳುಗಳಿಗೆಲ್ಲ ಗಟ್ಟಿಯಾಗಿ ಹೇಳುತ್ತಿದ್ದುದು ನಮಗೆ ಅಡುಗೆಮನೆಯವರೆಗೂ ಕೇಳಿಸಿತು.

"ಇಂಗ್ಲಿಷ್‌ಗೆ ಏನ್ ಮಾಡಾನ ಅಕ್ಕ?" ಎಂದೆ.

"ಮತ್ತೆ ಕಟ್ಟಾನ," ಎಂದಳು. "ನಿಂಗೆ ಬರುತ್ತಲ್ಲ, ಹೇಳ್ಕೊಡು. ಇವತ್ತಿಂದ್ಲೇ ಶುರು ಮಾಡು ಕೂತ್ಕೋ."